ಹಳೆಯ ಡೀಸೆಲ್ ಗಾಡಿ ಬಿಸಿಯಾದೊಡನೆ ‘ಹೆಡ್ ಹೋಗಿದೆ’ ಎಂದರೆ ಒಪ್ಪಿಕೊಳ್ಳಬೇಡಿ

ಕಾಸರಗೋಡಿನ ಸುತ್ತಮುತ್ತ ಹಳೆಯ ಜೀಪು, ಬೊಲೆರೊ, ಸುಮೋಗಳನ್ನು ಇನ್ನೂ ಓಡಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಎಂಜಿನ್ ಬಿಸಿಯಾಗುತ್ತಿದೆ ಎಂದು ವರ್ಕ್‌ಶಾಪಿಗೆ ಬಿಟ್ಟ ನನ್ನ ಬೊಲೆರೊದ ಹೆಡ್ (ಎಂಜಿನ್ ಬ್ಲಾಕಿನ ಮೇಲೆ ಕುಳಿತು ಸಿಲಿಂಡರುಗಳನ್ನು ಮುಚ್ಚುವ ಭಾಗ) ಇಳಿಸಿ, ಫೇಸಿಂಗ್ ಮಾಡಿಸಿ (ಅಂದರೆ ಅದರ ಅಡಿಯನ್ನು ಸಮತಟ್ಟಾಗಿಸಿ), ಹೊಸ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಹಾಕಿದ್ದೇವೆಂದು ಹೇಳಿ 26,000 ರೂಪಾಯಿ ವಸೂಲಿ ಮಾಡಿದರು. ಆ ಹೆಡ್ಡನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಮುಟ್ಟಿಯೇ ಇರಲಿಲ್ಲವೆಂದು ನಾನು ಊಹೆಯಿಂದ ಹೇಳುತ್ತಿಲ್ಲ, ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ವರ್ಕ್‌ಶಾಪಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಎಲ್ಲಿ ಬರೆಯಬೇಕೋ ಅಲ್ಲಿ ಬರೆಯುತ್ತೇನೆ.

ತೊಂದರೆ ಇದ್ದದ್ದು ಹೀಗೆ. ಕುಂಬಳೆಯಿಂದ ತಲಪಾಡಿಯವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎಷ್ಟು ಓಡಿಸಿದರೂ ಬಿಸಿಯ ಮುಳ್ಳು ತನ್ನ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಪಾಣತ್ತೂರು ದಾಟಿ, ಕರಿಕೆಯಿಂದ ಭಾಗಮಂಡಲದ ಕಡೆಗೆ ಘಾಟಿ ಹತ್ತಲು ತೊಡಗಿ, ಎರಡನೆಯ ಗೇರಿನಲ್ಲಿ ನಿಧಾನವಾಗಿ ಸಾಗುವಾಗ ಮಾತ್ರ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತಿತ್ತು. ನೀರು ಕಡಿಮೆಯಾಗುತ್ತಿರಲಿಲ್ಲ, ಆಯಿಲಿನ ಕಡ್ಡಿಯಲ್ಲಿ ಬಿಳಿ ನೊರೆ ಇರಲಿಲ್ಲ, ಸೈಲೆನ್ಸರಿನಿಂದ ಬಿಳಿ ಹೊಗೆಯೂ ಬರುತ್ತಿರಲಿಲ್ಲ. ಇಷ್ಟನ್ನೂ ನಾನು ವರ್ಕ್‌ಶಾಪಿನ ಯಜಮಾನರಿಗೆ ಬಿಡಿಸಿ ಹೇಳಿದ್ದೆ. ಅವರು ಬಾನೆಟ್ ಎತ್ತಿ ಒಮ್ಮೆ ಇಣುಕಿ, ಕೈ ಒರೆಸಿಕೊಂಡು, “ಮಾಷ್ಟ್ರೇ, ಇದು ಹೆಡ್ಡೇ. ಹದಿನೈದು ವರ್ಷ ದಾಟಿದ ಗಾಡಿ, ಇನ್ನೇನಾಗಬೇಕು?” ಎಂದರು. ರೇಡಿಯೇಟರಿನ ಮುಚ್ಚಳವನ್ನು ಸಹ ತೆರೆದು ನೋಡಲಿಲ್ಲ.

ಹೆಡ್ ಗ್ಯಾಸ್ಕೆಟ್ ಹೋದ ಡೀಸೆಲ್ ಎಂಜಿನ್ ಅದನ್ನು ಮುಚ್ಚಿಟ್ಟುಕೊಳ್ಳುವುದು ಅಪರೂಪ. ಸಿಲಿಂಡರಿನ ಗಾಳಿ ನೀರಿಗೆ ನುಗ್ಗಿ ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳುತ್ತದೆ. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಮೇಲಿನ ಹೋಸ್ ಕಲ್ಲಾಗುತ್ತದೆ. ಎಲ್ಲಿಯೂ ಸೋರದೆ ನೀರು ಮಾಯವಾಗುತ್ತದೆ. ರೇಡಿಯೇಟರಿನ ಬಾಯಿಗೆ ಹಿಡಿದು ನೋಡುವ ನೀಲಿ ದ್ರಾವಣವೊಂದಿದೆ, ಸುಟ್ಟ ಗಾಳಿ ತಾಗಿದರೆ ಅದು ಹಸಿರಿಗೋ ಹಳದಿಗೋ ತಿರುಗುತ್ತದೆ. ಇದರಲ್ಲಿ ಒಂದನ್ನೂ ಮಾಡದೆ ಹೆಡ್ ಎಂದು ತೀರ್ಪು ಕೊಟ್ಟಾಗಿತ್ತು.

ಗಾಡಿ ಹಿಂತಿರುಗಿಸುವಾಗ ಕರಟಿಹೋದ ಹಳೆಯ ಗ್ಯಾಸ್ಕೆಟೊಂದನ್ನು ನನ್ನ ಮುಂದೆ ಎತ್ತಿ ಹಿಡಿದು, “ನೋಡಿ, ಹೀಗಾಗಿತ್ತು” ಎಂದರು. ಮನೆಗೆ ಒಯ್ಯುತ್ತೇನೆ ಎಂದಾಗ, “ಗುಜರಿಯನ್ನು ಏಕೆ ಹೊರುತ್ತೀರಿ?” ಎಂದು ಒಳಗೆ ಎಸೆದರು. ಬಿಲ್ಲು ಎಂದು ಕೊಟ್ಟ ಚೀಟಿಯಲ್ಲಿ ‘ಎಂಜಿನ್ ಕೆಲಸ’ ಎಂಬ ಒಂದೇ ಸಾಲು, ಕೆಳಗೆ ಮೊತ್ತ. ಜೊತೆಗೆ ಥರ್ಮೋಸ್ಟಾಟನ್ನು ತೆಗೆದು ಹಾಕಿದ್ದೇವೆ, ಇನ್ನು ಬಿಸಿಯಾಗುವ ಮಾತೇ ಇಲ್ಲ ಎಂದು ದೊಡ್ಡ ಉಪಕಾರ ಮಾಡಿದವರಂತೆ ಹೇಳಿದರು. ಸುಮಾರು 82 ಡಿಗ್ರಿಗೆ ತೆರೆದುಕೊಳ್ಳುವ ಆ ಸಣ್ಣ ಭಾಗ ಇರುವುದು ಎಂಜಿನ್ನಿಗೆ ಬೇಕಾದಷ್ಟು ಶಾಖ ಉಳಿಸುವುದಕ್ಕಾಗಿ. ಅದನ್ನು ತೆಗೆದರೆ ಡೀಸೆಲ್ ಎಂಜಿನ್ ತಣ್ಣಗೇ ಓಡಿ ಇಂಧನ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ನನಗೆ ಸಿಕ್ಕಿದ್ದು ಅದೇ: ಊರೊಳಗೆ ಮುಳ್ಳು ಮೇಲೇಳದು, ಮೈಲೇಜ್ ಇಳಿಯಿತು, ಘಾಟಿಯಲ್ಲಿ ಮೊದಲಿನಂತೆಯೇ ಕುದಿಯಿತು. ಈ ಬಾರಿ ಗಾಡಿಯ ತುಂಬ ನೆಂಟರಿದ್ದರು. ತಲಕಾವೇರಿಗೆಂದು ಹೊರಟವರು ತಿರುವಿನಲ್ಲಿ ಇಳಿದು ನಿಂತು, “ಮೊನ್ನೆಯಷ್ಟೇ ಎಂಜಿನ್ ಮಾಡಿಸಿದ್ದಲ್ಲವೇ ಭಾವ?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮರಳಿ ಬಂದು ಕೇಳಿದರೆ ಯಜಮಾನರು, “ಅದು ಬೇರೆ ಕಂಪ್ಲೇಂಟ್, ಹೆಡ್ಡಿನದ್ದಲ್ಲ. ಈಗ ರೇಡಿಯೇಟರ್ ಬದಲಾಯಿಸಬೇಕು” ಎಂದರು. ನಾನು ಅಲ್ಲಿಂದ ಎದ್ದು ಬಂದೆ.

ಪುತ್ತೂರಿನ ಒಬ್ಬ ವಯಸ್ಸಾದ ಮೆಕ್ಯಾನಿಕ್ ಮೊದಲು ಕೇಳಿದ್ದು ಬಯಲಿನಲ್ಲಿ ಬಿಸಿಯಾಗುತ್ತದೆಯೋ, ಏರಿನಲ್ಲೋ ಎಂದು. ಏರಿನಲ್ಲಿ ಎಂದ ಕೂಡಲೇ ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಆಫ್ ಮಾಡಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, ಫ್ಯಾನಿನ ಎಲೆಯನ್ನು ಒಂದು ಬೆರಳಿನಿಂದ ತಳ್ಳಿದರು. ಅದು ತೆಂಗಿನ ಗರಿಯ ಗಿರಿಗಿಟ್ಲೆಯಂತೆ ತಿರುಗುತ್ತಲೇ ಇತ್ತು. ಬಿಸಿ ಎಂಜಿನ್ನಿನಲ್ಲಿ ವಿಸ್ಕಸ್ ಫ್ಯಾನ್ (ದಪ್ಪ ಎಣ್ಣೆ ತುಂಬಿದ ಕ್ಲಚ್ಚಿನ ಹಿಡಿತದಿಂದ ತಿರುಗುವ ಫ್ಯಾನ್) ಬಿಗಿಯಾಗಿ ತಡೆದು ನಿಲ್ಲಬೇಕು. ಒಳಗಿನ ಸಿಲಿಕೋನ್ ಎಣ್ಣೆ ಸೋರಿಹೋದರೆ ಹೀಗೆ ಸುಮ್ಮನೆ ಸುತ್ತುತ್ತದೆ. ಹೆದ್ದಾರಿಯಲ್ಲಿ ಮುಂದಿನಿಂದ ಬೀಸುವ ಗಾಳಿಯೇ ರೇಡಿಯೇಟರನ್ನು ತಣಿಸುವುದರಿಂದ ದೋಷ ತಿಳಿಯುವುದಿಲ್ಲ, ನಿಧಾನದ ಏರಿನಲ್ಲಿ ತಿಳಿಯುತ್ತದೆ. ರೇಡಿಯೇಟರಿನ ಜಾಲರಿಯ ನಡುವೆ ನಮ್ಮೂರ ಕೆಂಪು ಮಣ್ಣು ಮೆತ್ತಿಕೊಂಡದ್ದೂ ಸೇರಿಕೊಂಡಿತ್ತು.

ಆಮೇಲೆ ಅವರು ಟಾರ್ಚ್ ಹಿಡಿದು ಹೆಡ್ಡಿನ ಪಕ್ಕಕ್ಕೆ ಬೆಳಕು ಬಿಟ್ಟು, “ಮಾಷ್ಟ್ರೇ, ಇದನ್ನು ಬಿಚ್ಚಿದ್ದಾರೆಂದು ಯಾರು ಹೇಳಿದ್ದು?” ಎಂದರು. ಹೆಡ್ಡೂ ಬ್ಲಾಕೂ ಕೂಡುವ ಗೆರೆಯ ಮೇಲೆ, ಎಷ್ಟೋ ವರ್ಷಗಳ ಆಯಿಲು ಮತ್ತು ಧೂಳು ಸೇರಿ ಗಟ್ಟಿಯಾದ ಕಪ್ಪು ಜಿಡ್ಡು ಈ ಬದಿಯಿಂದ ಆ ಬದಿಯವರೆಗೆ ಎಲ್ಲಿಯೂ ಬಿರುಕು ಬಿಡದೆ ಕುಳಿತಿತ್ತು. ಹೆಡ್ ಇಳಿಸಬೇಕಾದರೆ ಬಿಚ್ಚಲೇಬೇಕಾದ ಸೈಲೆನ್ಸರ್ ಪೈಪಿನ ನಟ್ಟುಗಳು ತುಕ್ಕಿನಲ್ಲಿ ಒಂದಾಗಿ ಹೋಗಿದ್ದವು. ಸ್ಪ್ಯಾನರ್ ತಾಗಿದ ಒಂದು ಹೊಳಪಿನ ಗೀರೂ ಇರಲಿಲ್ಲ. ಹಾಗಾದರೆ ನನಗೆ ತೋರಿಸಿದ ಗ್ಯಾಸ್ಕೆಟ್ ಯಾರ ಗಾಡಿಯದ್ದು? ಎಷ್ಟು ಜನರಿಗೆ ಅದನ್ನೇ ಎತ್ತಿ ತೋರಿಸಿದ್ದಾರೋ!

ಫೋಟೊಗಳನ್ನು ಹಿಡಿದುಕೊಂಡು ಹೋದಾಗ ಬಂದ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲು, “ಕೆಲಸ ಮಾಡಿದ ಹುಡುಗ ಊರಿಗೆ ಹೋಗಿದ್ದಾನೆ.” ಆಮೇಲೆ, “ಹೇಳಿದವನನ್ನೇ ಇಲ್ಲಿಗೆ ಕರೆದುಕೊಂಡು ಬನ್ನಿ.” ಇನ್ನಷ್ಟು ಒತ್ತಾಯಿಸಿದಾಗ, “ನೀವು ಪಾಠ ಮಾಡುವಾಗ ನಾನು ಬಂದು ಹೇಳಿಕೊಡುತ್ತೇನೆಯೇ?” ಕೊನೆಗೆ, ಅಲ್ಲಿ ಕುಳಿತಿದ್ದ ಬೇರೆ ಗಿರಾಕಿಗಳು ಕಿವಿಗೊಟ್ಟದ್ದನ್ನು ಕಂಡು ಸ್ವರ ತಗ್ಗಿಸಿ, “ಹೋಗಲಿ, ಮುಂದಿನ ಆಯಿಲ್ ಚೇಂಜ್ ಫ್ರೀಯಾಗಿ ಮಾಡಿಕೊಡುತ್ತೇನೆ.” ಮಾಡದ ಕೆಲಸಕ್ಕೆ 26,000 ರೂಪಾಯಿ ತೆಗೆದುಕೊಂಡವರು ನನಗೆ ಆಯಿಲ್ ಚೇಂಜ್ ದಾನ ಮಾಡುತ್ತಾರಂತೆ!

ಆದ್ದರಿಂದ ಹೆಡ್ ಎಂದವರಿಗೆ ಮೊದಲು ಗುಳ್ಳೆ ತೋರಿಸಲು ಹೇಳಿ. ರೇಡಿಯೇಟರಿನ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆರೆಯಬೇಕು. ಹಾಗೆಯೇ ಮುಚ್ಚಳದ ಸ್ಪ್ರಿಂಗನ್ನೂ ನೋಡಿ: 0.9 ಬಾರ್ ಒತ್ತಡ ಹಿಡಿದರೆ ನೀರು ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ, ಸ್ಪ್ರಿಂಗ್ ಸಡಿಲವಾದರೆ ನೂರಕ್ಕೇ ಕುದಿಯುತ್ತದೆ. ಗಾಡಿ ಬಿಡುವ ಮುನ್ನ ಹೆಡ್ಡಿನ ಎರಡೂ ಬದಿಯ ಫೋಟೊ ತೆಗೆದಿಡಿ, ಹೆಡ್ ಇಳಿಸಿದ ದಿನ ನೀವೇ ಹೋಗಿ ನಿಲ್ಲಿ, ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ, ಕೆಲಸವಾರು ಬಿಲ್ಲು ಇಲ್ಲದೆ ಹಣ ಕೊಡಬೇಡಿ. ‘ಮಾಷ್ಟ್ರೇ, ಮಾಷ್ಟ್ರೇ’ ಎಂಬ ಮರ್ಯಾದೆಯ ಮಾತಿಗೆ ಕರಗಬೇಡಿ.

ವಿಸ್ಕಸ್ ಕ್ಲಚ್ ಮತ್ತು ಥರ್ಮೋಸ್ಟಾಟ್ ಹೊಸದಾಗಿ ಹಾಕಿ, ಜಾಲರಿ ತೊಳೆಸಿ, ಕೂಲಂಟ್ ತುಂಬಿಸಿದ ಮೇಲೆ ಗಾಡಿ ಅದೇ ಘಾಟಿಯನ್ನು ಹತ್ತಿತು, ಮುಳ್ಳು ಅಲುಗಲಿಲ್ಲ. ಹಣ ಮಾತ್ರ ಬಂದಿಲ್ಲ. ಘಟನೆ ನಡೆದ 2 ವರ್ಷಗಳೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಶುಲ್ಕವೂ ಇಲ್ಲ. ಚೀಟಿ, ಫೋಟೊ, ಪುತ್ತೂರಿನ ಮೆಕ್ಯಾನಿಕ್ ಬರೆದುಕೊಟ್ಟ ಹೇಳಿಕೆ ಎಲ್ಲವನ್ನೂ ಸೇರಿಸಿ ಕಾಸರಗೋಡಿನ ಜಿಲ್ಲಾ ಆಯೋಗಕ್ಕೆ ಅರ್ಜಿ ಸಿದ್ಧಪಡಿಸುತ್ತಿದ್ದೇನೆ. ಕರಟಿದ ಗ್ಯಾಸ್ಕೆಟನ್ನು ಇದೇ ರೀತಿ ತೋರಿಸಿಕೊಂಡವರು ಇನ್ನಾರಾದರೂ ಇದ್ದರೆ ತಮ್ಮ ಚೀಟಿಯನ್ನು ಹರಿಯದೆ ಇಟ್ಟುಕೊಳ್ಳಿ, ನನ್ನ ಅರ್ಜಿಯ ಜೊತೆಗೆ ಅದೂ ಬೇಕಾಗಬಹುದು.