ಜಿಮ್‌ಗೆ ರಬ್ಬರ್ ನೆಲ ಹಾಕಿಸ್ತಿದ್ದೀರಾ? ಮೊದಲು ಒಂದು ಟೈಲ್ ತೂಕ ಹಾಕಿ

ಇದನ್ನು ಬರೆಯಲು ನನಗೇ ನಾಚಿಕೆ. ಎರಡು ವಾರ ಬೇಡ ಬೇಡ ಅಂತ ಸುಮ್ನಿದ್ದೆ. ಆದರೆ ನಮಗೆ ನೆಲ ಹಾಕಿದ ಕಂಟ್ರಾಕ್ಟರ್ ಈಗ ಇನ್ನೊಂದು ಜಿಮ್‌ನ ಕೆಲಸ ಹಿಡಿಯಲು ಹೊರಟಿದ್ದಾನೆ ಅಂತ ಗೊತ್ತಾಯಿತು. ಹೇಗೆ ಗೊತ್ತಾಯಿತು ಅನ್ನೋದನ್ನು ಆಮೇಲೆ ಹೇಳುತ್ತೇನೆ. ಹೆಸರು ಹಾಕುವುದಿಲ್ಲ. ಅವನು ಟೋಪಿ ಹಾಕಿದ್ದು ಹೇಗೆ ಅಂತ ನಿಮಗೆ ಗೊತ್ತಾದರೆ ಸಾಕು. ಇಂಥವನು ಅವನೊಬ್ಬನೇ ಅಲ್ಲ.

ನಮ್ಮ ಜಿಮ್ ಬಾಗಿಲಲ್ಲೇ ತೂಕದ ಮಷೀನ್ ಇದೆ. ಸೇರಲು ಬಂದವರನ್ನೆಲ್ಲ ಮೊದಲು ಅದರ ಮೇಲೆ ನಿಲ್ಲಿಸಿ, ಗ್ರಾಂ ಬಿಡದೆ ಬರೆದುಕೊಳ್ಳುತ್ತೇನೆ. ಅಂಥ ನಾನು ನೆಲಕ್ಕೆ ಬಂದ ಅಷ್ಟೂ ಟೈಲ್‌ಗಳಲ್ಲಿ ಒಂದನ್ನೂ ತೂಕಕ್ಕೆ ಹಾಕಲಿಲ್ಲ. ಮಷೀನ್ ಹತ್ತು ಹೆಜ್ಜೆ ದೂರದಲ್ಲಿತ್ತು.

ಮೊದಲ ದಿನ ಬಂದವನು ಕೇಳಿದ್ದೇ "ಮೇಡಂ, ಸರ್ ಇದ್ದಾರಾ?" ಅಂತ. ಸರ್ ಅಂತ ಯಾರೂ ಇಲ್ಲ, ಜಿಮ್ ನಂದೇ ಅಂದೆ. ನಕ್ಕ. ಆ ನಗುವಿನಲ್ಲೇ ನನ್ನನ್ನು ಅಳೆದುಬಿಟ್ಟಿದ್ದ ಅಂತ ಈಗ ಅನ್ನಿಸುತ್ತೆ. ಬ್ಯಾಗಿನಿಂದ ಒಂದು ತುಂಡು ತೆಗೆದ. 30 ಸೆಂ.ಮೀ. ಚೌಕ, 20 ಮಿ.ಮೀ. ದಪ್ಪ. ಒಳ್ಳೆ ಗಟ್ಟಿ ರಬ್ಬರ್, ಮೇಲೂ ಕೆಳಗೂ ಮಟ್ಟಸ. ನೆಲಕ್ಕಿಟ್ಟು ನಮ್ಮದೇ 10 ಕೆ.ಜಿ. ಡಂಬೆಲ್ ಎತ್ತಿ ಅದರ ಮೇಲೆ ಬಿಟ್ಟ. 'ದಬ್' ಅಂತ ಸಣ್ಣ ಸದ್ದು, ಅಷ್ಟೆ. "ನೋಡಿ ಮೇಡಂ, ಗೀರು ಬಿತ್ತಾ?" ಬಿದ್ದಿರಲಿಲ್ಲ. ನಾನು ಬಿದ್ದೆ.

ಕೊಟೇಶನ್‌ನಲ್ಲಿ ಒಂದೇ ಸಾಲು ಇತ್ತು: '20 ಎಂ.ಎಂ. ಜಿಮ್ ರಬ್ಬರ್ ಟೈಲ್, ಗಮ್ ಮತ್ತು ಕೂಲಿ ಸೇರಿ'. ಟೈಲ್ ಎಷ್ಟು ತೂಕ ಇರಬೇಕು, ಅಡಿ ಹೇಗಿರಬೇಕು, ಯಾವ ಗಮ್, ಒಂದೂ ಇಲ್ಲ. ನಾನೂ ಕೇಳಲಿಲ್ಲ. ಮುಕ್ಕಾಲು ದುಡ್ಡು ಅಡ್ವಾನ್ಸ್ ಕೊಟ್ಟೆ. ಬೈಯಿರಿ, ಪರವಾಗಿಲ್ಲ.

ಆಗ ನಮ್ಮ ನೆಲಕ್ಕೆ ಹೊಸ ಕಾಂಕ್ರೀಟ್ ಹಾಕಿಸಿ ಒಂದು ತಿಂಗಳಾಗಿತ್ತು. ಒಣಗಿದೆಯಾ ಅಂತ ಕೇಳಿದೆ. ಬೂಟುಗಾಲಲ್ಲಿ ಎರಡು ಸಲ ಕುಟ್ಟಿ "28 ದಿನ ಆಯ್ತಲ್ಲ ಮೇಡಂ, ಕಲ್ಲಾಗಿದೆ" ಅಂದ. ಕಲ್ಲೇನೋ ಆಗಿತ್ತು. ಆದರೆ ಆ 28 ದಿನದ ಲೆಕ್ಕ ಕಾಂಕ್ರೀಟ್ ಗಟ್ಟಿಯಾಗೋದಕ್ಕೆ, ಒಳಗಿನ ನೀರು ಆರೋದಕ್ಕಲ್ಲ. ಒಂದು ಇಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಅಂತ ಈ ಕೆಲಸದವರ ಅಂದಾಜು. ನಮ್ಮದು ನಾಲ್ಕು ಇಂಚು. ಮೇಲೆ ಬೆಳ್ಳಗೆ ಒಣಗಿದ ಹಾಗೆ ಕಂಡರೂ ಹೊಟ್ಟೆಯಲ್ಲಿ ನೀರು ತುಂಬಿಕೊಂಡೇ ಇರುತ್ತೆ. ಅದರ ಮೇಲೆ ರಬ್ಬರ್ ಅಂಟಿಸಿದರೆ ಆ ನೀರು ಹೋಗೋದಾದರೂ ಎಲ್ಲಿಗೆ? ಇದೆಲ್ಲ ನಾನು ಕಲಿತಿದ್ದು ಆಮೇಲೆ, ದುಡ್ಡು ಕಳೆದುಕೊಂಡ ಮೇಲೆ.

ಮಾಲು ಸಂಜೆ ಬಂತು. ಅರ್ಧ ಮೀಟರ್ ಚೌಕದ ಟೈಲ್‌ಗಳು, ಪ್ಲಾಸ್ಟಿಕ್ ಸುತ್ತಿದ ಕಟ್ಟುಗಳು. ನಾನೂ ತೀರಾ ದಡ್ಡಿ ಅಲ್ಲ ಅಂತ ತೋರಿಸಬೇಕಲ್ಲ, ಟೇಪ್ ತಂದು ಅಂಚಿಗೆ ಹಿಡಿದೆ. ಸರಿಯಾಗಿ 20 ಮಿ.ಮೀ.! ಅವನು "ಮೇಡಂ ಪಕ್ಕಾ ಇದ್ದಾರಪ್ಪ" ಅಂತ ತನ್ನ ಹುಡುಗರಿಗೆ ಹೇಳಿದ. ನಾನು ಬೀಗಿದೆ. ರಾತ್ರಿ ನಿದ್ದೆ ಬರದಾಗ ಈಗಲೂ ನೆನಪಾಗೋದು ಇದೇ. ಟೇಪ್ ಹಿಡಿದವಳು ಅದೇ ಟೈಲನ್ನು ಮಗುಚಿ ಅಡಿ ನೋಡಬಾರದಿತ್ತಾ?

ರಬ್ಬರ್ ಬಂದ ಮೇಲೆ ಒಂದೆರಡು ದಿನ ಅದೇ ರೂಮಿನಲ್ಲಿ ಬಿಚ್ಚಿ ಹರಡಬೇಕು. ಅಲ್ಲಿನ ಶಾಖಕ್ಕೆ ಹೊಂದಿಕೊಂಡು ಹಿಗ್ಗೋದು ಕುಗ್ಗೋದು ಮುಗಿದ ಮೇಲೆ ಅಂಟಿಸಬೇಕು. ಇವರು ಅದೇ ರಾತ್ರಿ ಗಮ್ ಎಳೆದು ಅಂಟಿಸುತ್ತಾ ಹೋದರು. ಮರುದಿನ ಸಂಜೆಗೆ ಟ್ರೆಡ್‌ಮಿಲ್ ಕೂಡ ತಳ್ಳಿ ಜಾಗಕ್ಕೆ ನಿಲ್ಲಿಸಿಕೊಟ್ಟರು. ಎಷ್ಟು ಚುರುಕು ಅಂತ ಖುಷಿಪಟ್ಟು ಬಾಕಿ ದುಡ್ಡೂ ಕೊಟ್ಟೆ. ಉಳಿದ ಟೈಲ್‌ಗಳನ್ನು ಯೋಗ ರೂಮಿನ ವಿನೈಲ್ (ಪ್ಲಾಸ್ಟಿಕ್ ಹಾಸಿನ) ನೆಲದ ಮೇಲೆ ಪೇರಿಸಿಟ್ಟು ಹೋದರು. ಅಲ್ಲೀಗ ಕಂದು ಕಲೆ, ಯಾವ ಸೋಪಿಗೂ ಹೋಗುತ್ತಿಲ್ಲ. ವಿನೈಲ್‌ಗೆ ರಬ್ಬರ್ ತಾಗಿ ಕೂತರೆ ಹೀಗಾಗುತ್ತಂತೆ. ಅದೊಂದು ಬೇರೆ.

ಎರಡು ತಿಂಗಳಿಗೆ ಶುರುವಾಯಿತು. ಡೆಡ್‌ಲಿಫ್ಟ್, ಅಂದರೆ ಬಾರ್‌ಬೆಲ್ ಅನ್ನೋ ಭಾರದ ಸರಳನ್ನು ನೆಲದಿಂದ ಎತ್ತೋದು, ಅದನ್ನು ಮಾಡುವ ಮೂಲೆಯಲ್ಲಿ ಕಾಲಿಟ್ಟರೆ 'ಪಚ್' ಅನ್ನೋದು. ಬೆಳಗ್ಗೆ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಜಾಯಿಂಟ್‌ಗಳು ಬಾಯಿಬಿಟ್ಟವು, ಮೂಲೆಗಳು ಹಪ್ಪಳದ ಹಾಗೆ ಮೇಲೆದ್ದವು.

ಫೋನ್ ಮಾಡಿದೆ. "ಹೊಸ ರಬ್ಬರ್ ಅಲ್ವಾ ಮೇಡಂ, ಸೆಟ್ ಆಗುತ್ತೆ." ಹದಿನೈದು ದಿನ ಬಿಟ್ಟು ಮಾಡಿದೆ. "ಒರೆಸ್ತಾ ಇದ್ದೀರಾ? ಅದೇ ಮೇಡಂ ತಪ್ಪು." ನೆಲ ಒರೆಸೋದು ತಪ್ಪಂತೆ! ಇನ್ನೊಂದು ಸಲ ಮಾಡಿದಾಗ ದನಿಯೇ ಬದಲಾಗಿತ್ತು. "ನಿಮ್ಮ ಮೆಂಬರ್‌ಗಳು ವೇಟ್ ಎತ್ತಿ ಬಿಸಾಡ್ತಾರೆ ಮೇಡಂ, ಸ್ವಲ್ಪ ಹೇಳಿ ಅವರಿಗೆ." ಅಲ್ಲಾ, ಜಿಮ್‌ನಲ್ಲಿ ವೇಟ್ ಬೀಳದೆ ಹೂವು ಬೀಳುತ್ತಾ? ಬೀಳುತ್ತೆ ಅಂತಲೇ ಅಲ್ವಾ ರಬ್ಬರ್ ಹಾಕಿಸಿದ್ದು?

ಆಮೇಲೆ ಒಬ್ಬ ಹುಡುಗಿ ಎದ್ದ ಮೂಲೆಗೆ ಕಾಲು ತಗುಲಿ ಮುಗ್ಗರಿಸಿದಳು. ಎರಡೂ ಕೈಯಲ್ಲಿ ಡಂಬೆಲ್ ಇತ್ತು. ಮಂಡಿ ತರಚಿತು, ಪುಣ್ಯಕ್ಕೆ ಅಷ್ಟೇ. ಅವಳೇ "ಪರವಾಗಿಲ್ಲ ಅಕ್ಕ, ನಾನೇ ನೋಡ್ಕೊಂಡು ನಡೀಬೇಕಿತ್ತು" ಅಂದಳು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

ಅವತ್ತೇ ರಾತ್ರಿ ನಮ್ಮ ಟ್ರೈನರ್ ಹುಡುಗ ಆ ಟೈಲ್ ಹಿಡಿದು ಎಳೆದ. ಜೋರು ಮಾಡಲೇ ಇಲ್ಲ, ದೋಸೆ ಎದ್ದ ಹಾಗೆ ಎದ್ದು ಬಂತು. "ಅಕ್ಕಾ, ಇಲ್ಲಿ ಬನ್ನಿ" ಅಂದ. ಗಮ್ ಗಂಜಿಯಾಗಿತ್ತು, ಬೆರಳಿಟ್ಟರೆ ಅಂಟಿಕೊಂಡು ನೂಲು ನೂಲಾಗಿ ಬರುತ್ತಿತ್ತು. ಕಾಂಕ್ರೀಟ್ ಕಪ್ಪಗೆ ಒದ್ದೆ. ಬಾರ್‌ಬೆಲ್ ಬೀಳುವ ಜಾಗದಲ್ಲಿ ಅಂಗೈ ಉದ್ದದ ಎರಡು ಬಿರುಕು. ಟೈಲ್ ಮಗುಚಿದ. ಅಡಿಯೆಲ್ಲ ಟೊಳ್ಳು. ಸಾಲು ಸಾಲಾಗಿ ಪುಟ್ಟ ಕಾಲುಗಳು, ನಡುವೆ ಬರೀ ಗಾಳಿ. ಮೇಲಿನ ನಿಜವಾದ ರಬ್ಬರ್ 11 ಮಿ.ಮೀ. ಉಳಿದ 9 ಮಿ.ಮೀ. ಆ ಕಾಲುಗಳು. ನಾನು ಅಂಚಿಗೆ ಟೇಪ್ ಹಿಡಿದು ಬೀಗಿದ್ದು ಇದಕ್ಕೆ.

ಇಂಥ ಟೈಲ್ ಇರೋದೇ ಬೇರೆ ಕೆಲಸಕ್ಕೆ. ಬಯಲಲ್ಲಿ, ಮಕ್ಕಳು ಆಡುವ ಕಡೆ, ಮಳೆ ನೀರು ಅಡಿಯಿಂದ ಹರಿದು ಹೋಗಲಿ ಅಂತ ಹಾಕುತ್ತಾರೆ. ಅಲ್ಲಿಗೆ ಒಳ್ಳೆಯದೇ. ಬಾರ್‌ಬೆಲ್ ಕೆಳಗೆ ತಂದು ಅಂಟಿಸಿದರೆ ಗಮ್ ಹಿಡಿಯೋದು ಆ ಕಾಲುಗಳ ತುದಿಗೆ ಮಾತ್ರ, ಪೆಟ್ಟೂ ಅವುಗಳ ಮೂಲಕವೇ ಕಾಂಕ್ರೀಟಿಗೆ ಇಳಿಯುತ್ತೆ.

ಆಗ ತೂಕದ ಮಷೀನ್ ನೆನಪಾಯಿತು. ಅವನು ಬಿಟ್ಟು ಹೋಗಿದ್ದ ಸ್ಯಾಂಪಲ್ 1.8 ಕೆ.ಜಿ. ಅದೇ ಲೆಕ್ಕದಲ್ಲಿ ಅರ್ಧ ಮೀಟರ್ ಟೈಲ್ 5 ಕೆ.ಜಿ. ಬರಬೇಕು. ಬಂದಿದ್ದು 3.3. ಒರೆಸಿ ಮತ್ತೆ ಇಟ್ಟೆ. 3.3. ಸ್ಟೋರ್ ರೂಮಿನಿಂದ ಹೊಸದೊಂದು ತಂದು ಇಟ್ಟೆ. ಅದೂ ಅಷ್ಟೇ.

ಫೋಟೋ ಕಳಿಸಿ ಫೋನ್ ಮಾಡಿದೆ. ಒಂದು ಕ್ಷಣವೂ ತಡವರಿಸಲಿಲ್ಲ ನೋಡಿ. "ಅದು ಏರ್ ಕುಶನ್ ಟೆಕ್ನಾಲಜಿ ಮೇಡಂ, ಮಂಡಿಗೆ ಒಳ್ಳೇದು." ಸ್ಯಾಂಪಲ್ ಹೀಗಿರಲಿಲ್ಲವಲ್ಲ ಅಂದೆ. "ಸ್ಯಾಂಪಲ್ ಕೊಡೋದು ಬಣ್ಣ ನೋಡೋಕೆ ಮೇಡಂ." ಎರಡರ ಬಣ್ಣವೂ ಕಪ್ಪು! ಕಪ್ಪು ಬಣ್ಣ ನೋಡೋಕೆ ಸ್ಯಾಂಪಲ್ ಬೇಕಾ? ಕೊನೆಗೆ ಅಂದ ಮಾತು ಇನ್ನೂ ಉರಿಯುತ್ತೆ. "ಬಿಲ್‌ನಲ್ಲಿ 20 ಎಂ.ಎಂ. ಅಂತ ಇದೆ, 20 ಎಂ.ಎಂ. ಕೊಟ್ಟಿದ್ದೀನಿ. ನೀವೇ ಟೇಪ್ ಹಿಡಿದು ನೋಡಿದ್ರಲ್ಲ?"

ವಾರಂಟಿ ಕೇಳಿದೆ. ಇದೆಯಂತೆ, ಆದರೆ ನೀರಿನಿಂದ ಹಾಳಾದರೆ ಇಲ್ಲವಂತೆ. ನೆಲ ಒಣಗಿದೆ ಅಂತ ಬೂಟು ಕುಟ್ಟಿ ಹೇಳಿದವನು ಅವನೇ. ಆದರೆ ಆ ಮಾತು ಬರವಣಿಗೆಯಲ್ಲಿ ಎಲ್ಲಿದೆ?

ನೆಲ ಹಾಕಿಸುವವರು ಇಷ್ಟಾದರೂ ಮಾಡಿ. ಸ್ಯಾಂಪಲ್ ಮೇಲೆ ಅವನ ಸಹಿ ಹಾಕಿಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಕೊಟೇಶನ್‌ನಲ್ಲಿ ದಪ್ಪದ ಜೊತೆಗೆ ಒಂದು ಟೈಲ್ ಎಷ್ಟು ಕೆ.ಜಿ., ಅಡಿ ಮಟ್ಟಸವೋ ಟೊಳ್ಳೋ ಅಂತ ಬರೆಸಿ. ಮಾಲು ಇಳಿದ ತಕ್ಷಣ ಬೇರೆ ಬೇರೆ ಕಟ್ಟಿನಿಂದ ನಾಲ್ಕು ಟೈಲ್ ತೆಗೆದು ಮಗುಚಿ ನೋಡಿ, ತೂಕ ಹಾಕಿ. ಅಂಟಿಸುವ ಮೊದಲು 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆ ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪ್ ಹಾಕಿ, ಕಡಿಮೆ ಅಂದರೂ 16 ಗಂಟೆ ಬಿಡಿ. ಅಡಿಯಲ್ಲಿ ಬೆವರು ಕಂಡರೆ, ನೆಲ ಕಪ್ಪಗಾಗಿದ್ದರೆ, ಕೆಲಸ ನಿಲ್ಲಿಸಿ. ಏನೂ ಕಾಣಲಿಲ್ಲ ಅಂತ ಪೂರ್ತಿ ನಂಬಬೇಡಿ, ಆಳದಲ್ಲಿ ನೀರಿರಬಹುದು. ಕಾಂಕ್ರೀಟಿಗೆ ತೂತು ಕೊರೆದು ಒಳಗಿನ ತೇವ ಅಳೆಯುವ ಮೀಟರ್ ಇದೆ, ದೊಡ್ಡ ಜಾಗವಾದರೆ ಅದನ್ನೇ ಮಾಡಿಸಿ. ಗಮ್ ಆರಲು ಎಷ್ಟು ಹೊತ್ತು ಬೇಕು ಅಂತ ಡಬ್ಬದ ಮೇಲೇ ಬರೆದಿರುತ್ತೆ, ನೀವೇ ಓದಿ. ಇನ್ನು ಅಡ್ವಾನ್ಸ್. ಮುಕ್ಕಾಲು ಕೊಡಬೇಡಿ, ಕೈ ಮುಗಿಯುತ್ತೇನೆ.

ಡೆಡ್‌ಲಿಫ್ಟ್ ಮೂಲೆಗೆ ಈಗ ಹಗ್ಗ ಕಟ್ಟಿದ್ದೇನೆ. ಎಲ್ಲ ಕಿತ್ತು, ನೆಲ ಒಣಗಲು ಬಿಟ್ಟು, ಮತ್ತೆ ಹಾಕಿಸಬೇಕು. ಆ ಮೂಲೆಗೆ ಮಾತ್ರ ಈ ಸಲ 40 ಮಿ.ಮೀ., ಅಡಿಯೂ ಗಟ್ಟಿ ಇರೋದು.

ಅವನು ಇನ್ನೊಂದು ಕೆಲಸ ಹಿಡಿಯಲು ಹೊರಟಿದ್ದು ಗೊತ್ತಾಗಿದ್ದು ಹೇಗೆ ಅಂದೆನಲ್ಲ. ಮೊನ್ನೆ ಅವನೇ ಮೆಸೇಜ್ ಹಾಕಿದ. "ಮೇಡಂ, ಆ ಸ್ಯಾಂಪಲ್ ಪೀಸ್ ನಿಮ್ಮ ಹತ್ರನೇ ಉಳಿದಿದೆ. ವಾಪಸ್ ಕೊಟ್ರೆ ಉಪಕಾರ, ಬೇರೆ ಜಿಮ್ ಪಾರ್ಟಿಗೆ ತೋರಿಸ್ಬೇಕು."

ಕೊಟ್ಟಿಲ್ಲ. ನನ್ನ ಮೇಜಿನ ಮೇಲೇ ಇದೆ.