ಯಮಹಾ ಎಫ್‌ಜಿ800: ದನಿ ಇರುವುದು ಒಳಗಿನ ಪಟ್ಟಿಗಳಲ್ಲಿ

ಈ ಗಿಟಾರಿಗೆ ಕೊಡುವ ದುಡ್ಡು ಸಾರ್ಥಕವಾಗುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಅಂಗಡಿಯಲ್ಲಿ ನಡುವಿನ ಎರಡು ತಂತಿ ಸಡಿಲಿಸಿ, ಪೌಡರ್ ಡಬ್ಬಿಯ ಕನ್ನಡಿಯನ್ನು ಸೌಂಡ್‌ಹೋಲ್‌ನೊಳಗೆ (ಗಿಟಾರಿನ ಮುಂಭಾಗದ ದುಂಡು ತೂತಿನೊಳಗೆ) ಇಳಿಸಿ, ಮೊಬೈಲ್ ಟಾರ್ಚ್ ಬಿಡಿ. ಸೌಂಡ್‌ಹೋಲ್‌ಗೂ ತಂತಿಗಳ ತುದಿ ಸಿಕ್ಕಿಸುವ ಬ್ರಿಡ್ಜ್‌ಗೂ ನಡುವೆ, ಮುಂಭಾಗದ ಹಲಗೆಯ ಒಳಮೈಗೆ ಅಂಟಿಸಿದ ಎರಡು ಉದ್ದ ಮರದ ಪಟ್ಟಿಗಳು ಒಂದನ್ನೊಂದು ದಾಟಿ ಎಕ್ಸ್ ಆಕಾರ ಮಾಡಿರುತ್ತವೆ. ಆ ಪಟ್ಟಿಗಳು ಉದ್ದಕ್ಕೂ ಒಂದೇ ಎತ್ತರ ಇರುವುದಿಲ್ಲ, ಅಲ್ಲಲ್ಲಿ ದೋಣಿಯಂತೆ ತಗ್ಗಾಗಿ ಕೆತ್ತಿರುತ್ತಾರೆ. ಇದೇ ಸ್ಕ್ಯಾಲಪ್ಡ್ ಬ್ರೇಸಿಂಗ್. 2016ರಲ್ಲಿ ಬಂದ ಎಫ್‌ಜಿ800 ಸಾಲಿನ ಹೆಚ್ಚುಗಾರಿಕೆ ಇದು. ಟಾಪ್, ಅಂದರೆ ಮುಂಭಾಗದ ಹಲಗೆ, ಸಾಲಿಡ್ (ಪದರ ಅಂಟಿಸದ ಇಡೀ ಮರದ) ಸಿಟ್ಕಾ ಸ್ಪ್ರೂಸ್; ಸ್ಕೇಲ್, ಅಂದರೆ ನುಡಿಯುವ ತಂತಿಯ ಉದ್ದ, 650 ಮಿ.ಮೀ.

ಅಗ್ಗದ ಗಿಟಾರುಗಳಲ್ಲಿ ಹಲವಕ್ಕೆ ಈ ಪಟ್ಟಿಗಳು ಅಡ್ಡಡ್ಡ ಇರುತ್ತವೆ, ನಮ್ಮ ಕಡೆಯ ಮಾಳಿಗೆ ಮನೆಯ ಜಂತಿಗಳ ಹಾಗೆ. ತಂತಿಗಳು ಎಳೆಯುವ ದಿಕ್ಕಿಗೆ ಅಡ್ಡ ಪಟ್ಟಿ ಆಸರೆ ಕೊಡುವುದಿಲ್ಲ. ಬರಬರುತ್ತ ಬ್ರಿಡ್ಜ್ ಹಿಂದೆ ಟಾಪ್ ಉಬ್ಬಿ, ತಂತಿ ಮೇಲೆದ್ದು, ಒತ್ತುವ ಬೆರಳು ನೋಯುತ್ತದೆ. ದನಿಯೂ ಟಣ್ ಅಂತ ಎದ್ದು ಬೇಗ ಆರುತ್ತದೆ. ಬ್ಲೂಸ್ ಸಂಗೀತ ನುಡಿಸುವವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ, ಆದರೆ ಭಾವಗೀತೆಗೆ ಜೊತೆ ಕೊಡಲು ಸಾಲದು.

ಕೆತ್ತನೆಯಿಂದ ಆಗುವುದೇನು? ಪಟ್ಟಿಯ ಬಿಗಿ ಎತ್ತರದ ಘನಕ್ಕೆ ಅನುಗುಣ. 12 ಮಿ.ಮೀ. ಇದ್ದದ್ದನ್ನು 9ಕ್ಕೆ ಇಳಿಸಿದರೆ ಆ ಜಾಗದಲ್ಲಿ ಬಿಗಿ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಅಗಲವನ್ನು ಕಾಲು ಭಾಗ ತೆಗೆದರೆ ಬಿಗಿಯೂ ಕಾಲು ಭಾಗವಷ್ಟೇ ಇಳಿಯುತ್ತದೆ. ಹಾಗಾಗಿ ಎತ್ತರದಲ್ಲಿ ಸ್ವಲ್ಪ ಕೆತ್ತಿದರೂ ಟಾಪ್ ಸಲೀಸಾಗಿ ಅಲುಗಿ, ಮಂದ್ರದ ತಂತಿಗಳು ತುಂಬಿಕೊಂಡು ಕೇಳುತ್ತವೆ. ಎಫ್‌ಜಿ800ರಲ್ಲಿ ಇ, ಜಿ ಕಾರ್ಡ್‌ಗಳನ್ನು ಮೆಲ್ಲಗೆ ಮೀಟಿದರೂ ತುಂಬು ದನಿ ಬರುವುದು ಇದರಿಂದ. ಜೋರಾಗಿ ಸ್ಟ್ರಮ್ ಮಾಡಿದರೆ ಮಾತ್ರ ಕೆಳಗಿನ ಸ್ವರಗಳು ಕಲಸಿಕೊಳ್ಳುತ್ತವೆ. ಆರ್ಕೆಸ್ಟ್ರಾದಲ್ಲಿ ರಪರಪ ಬಾರಿಸುವವರಿಗೆ ಇದು ಒಗ್ಗುವುದು ಅಷ್ಟಕ್ಕಷ್ಟೇ. ದನಿಯನ್ನು ಆಂಪ್ಲಿಫೈಯರ್‌ಗೆ ಕಳಿಸುವ ಪಿಕಪ್ ಕೂಡ ಇಲ್ಲ, ಬೇಕಿದ್ದರೆ ಎಫ್‌ಜಿಎಕ್ಸ್800ಸಿ ನೋಡಬೇಕು.

ತಂತಿ 12–53 ಸೆಟ್ಟೇ (ತೆಳು ತಂತಿ 0.012 ಇಂಚು, ದಪ್ಪದ್ದು 0.053) ಇರಲಿ. ಅದರ ಒಟ್ಟು ಎಳೆತವೇ 70 ಕಿಲೋ ದಾಟುತ್ತದೆ. ದನಿ ಇನ್ನೂ ಬೇಕೆಂದು 13–56 ಹಾಕಿದರೆ ಕೆತ್ತಿದ ಪಟ್ಟಿಗಳ ಮೇಲೆ ಹೊರೆ. ಅಮೆರಿಕದ ಗಿಟಾರ್ ತಯಾರಕರಾದ ಮಾರ್ಟಿನ್ ಕಂಪನಿಯವರು 1944ರಲ್ಲಿ ಸ್ಕ್ಯಾಲಪ್ ಕೈಬಿಟ್ಟಿದ್ದರ ಹಿಂದೆ ದಪ್ಪ ತಂತಿಯ ಕಾಟವೂ ಇತ್ತು. ಅದು ಮರಳಿ ಬಂದದ್ದು 1976ರ ಎಚ್‌ಡಿ-28 ಮಾದರಿಯಲ್ಲಿ.

ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಸಾಲಿಡ್ ಟಾಪ್ ಒಣಗಿ ಒಳಗೆ ಕುಗ್ಗುತ್ತದೆ, ತಂತಿ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತಾಗಿ ಗರಗರ ಅನ್ನುತ್ತದೆ. ಮಳೆಗಾಲದಲ್ಲಿ ತಿರುಗುಮುರುಗು: ಟಾಪ್ ಊದಿ ತಂತಿ ಏರುತ್ತದೆ. ಆಗ ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಸರಳು) ತಿರುವಲು ಹೋಗಬೇಡಿ, ಅದು ಕತ್ತಿನ ಬಾಗನ್ನಷ್ಟೇ ಸರಿಮಾಡುತ್ತದೆ. ಕೇಸಿನೊಳಗೆ ತೇವ ಅಳೆಯುವ ಮೀಟರ್ ಇಟ್ಟು 45ರಿಂದ 55 ಪ್ರತಿಶತದ ಒಳಗಿರುವಂತೆ ನೋಡಿಕೊಂಡರೆ ಸಾಕು. ಪಿ.ಬಿ. ರೋಡಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ, ಅಂಟು ಮೆತ್ತಗಾಗಿ ಬ್ರಿಡ್ಜ್ ಏಳುತ್ತದೆ.

ಕೊಳ್ಳುವಾಗ ತಂತಿಗಳ ಮೇಲೆ ಅಂಗೈ ಇಟ್ಟು ಟಾಪ್‌ನ ಮೇಲೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ. ಎಲ್ಲಾದರೂ ಝರ್ ಎಂದು ನಡುಗಿದರೆ ಪಟ್ಟಿಯ ತುದಿ ಬಿಟ್ಟಿರಬಹುದು, ಬೇರೆ ಪೀಸ್ ಕೇಳಿ. ಹಳೇ ಗಿಟಾರಿನಲ್ಲಿ ಹಾಗಾಗಿದ್ದರೆ ಪಟ್ಟಿಯ ಸಂದಿಗೆ ಮರದ ಅಂಟು ತೂರಿಸಿ, ಒಳಗಿನಿಂದ ಪುಟ್ಟ ಜ್ಯಾಕ್ ಕೊಟ್ಟು ರಾತ್ರಿಯೆಲ್ಲ ಬಿಡಬೇಕು. ಸೂಪರ್‌ಗ್ಲೂ ಸುರಿದರೆ ಮುಂದಿನ ಸಲ ಸರಿಯಾಗಿ ಅಂಟಿಸುವುದೇ ಕಷ್ಟ.

ಇದೇ ಸಾಲಿನ ಎಫ್‌ಜಿ830ಕ್ಕೆ ಹೆಚ್ಚು ಕೊಡುವುದು ಹಿಂಬದಿಯ ರೋಸ್‌ವುಡ್‌ಗೆ. ಅದರಲ್ಲೂ ಬ್ರೇಸಿಂಗ್ ಸ್ಕ್ಯಾಲಪ್ಡೇ. ಮನೆಯಲ್ಲಿ ನುಡಿಸಲು, ಹಾಡಿಗೆ ಜೊತೆ ಕೊಡಲು 800 ಧಾರಾಳ.