ಬೆನ್ನುಹುರಿ ಮತ್ತು ಮಿದುಳುಕಾಂಡದ ಬೋಧನಾ ಮಾದರಿ: ಒಂದು ವಿಮರ್ಶೆ

ಅಂಗರಚನಾಶಾಸ್ತ್ರದ ವಿದ್ಯಾರ್ಥಿಗಳಿಗೆಂದು ತಯಾರಾದ ಈ ಪ್ಲಾಸ್ಟಿಕ್ ಮಾದರಿಯ ಹೆಚ್ಚುಗಾರಿಕೆ ಇರುವುದು ಅದರ ಅಡ್ಡಕೊಯ್ತಗಳಲ್ಲಿ. ಕುತ್ತಿಗೆ, ಎದೆ, ಸೊಂಟ ಮತ್ತು ತ್ರಿಕಾಸ್ಥಿ (ಸೊಂಟದ ಕೆಳಗಿನ ತ್ರಿಕೋನ ಮೂಳೆ) ಮಟ್ಟದ ಬಿಲ್ಲೆಗಳನ್ನು ಬಿಡಿಸಿ ಪಕ್ಕಪಕ್ಕದಲ್ಲಿಟ್ಟರೆ, ಮೇಲಕ್ಕೆ ಹೋದಂತೆ ಬಿಳಿದ್ರವ್ಯ (ನರತಂತುಗಳ ಭಾಗ) ಹೆಚ್ಚುವುದೂ, ಕೈಕಾಲುಗಳಿಗೆ ನರಗಳನ್ನು ಕಳುಹಿಸುವ ಮಟ್ಟಗಳಲ್ಲಿ ಬೂದುದ್ರವ್ಯದ (ನರಕೋಶಗಳ ಭಾಗದ) ಮುಂಗೊಂಬು, ಅಂದರೆ ಮುಂದಕ್ಕೆ ಚಾಚಿದ ಭಾಗ, ದಪ್ಪವಾಗುವುದೂ ಒಂದೇ ನೋಟಕ್ಕೆ ತಿಳಿಯುತ್ತದೆ. ಎದೆಮಟ್ಟದ ಬಿಲ್ಲೆಯಲ್ಲಿ, ಸಿಂಪಥೆಟಿಕ್ (ಹೃದಯದಂಥ ಅಂಗಗಳನ್ನು ನಮ್ಮ ಇಚ್ಛೆಗೆ ಹೊರತಾಗಿ ನಿಯಂತ್ರಿಸುವ) ನರಕೋಶಗಳಿರುವ ಪುಟ್ಟ ಪಕ್ಕಗೊಂಬನ್ನೂ ಬಿಡದೆ ಮೂಡಿಸಿರುವುದು ಮೆಚ್ಚತಕ್ಕ ಸಂಗತಿ.

31 ಜೋಡಿ ಬೆನ್ನುನರಗಳ ಬೇರುಗಳು ಸ್ಪಷ್ಟವಾಗಿವೆ. ವಯಸ್ಕರಲ್ಲಿ ಬೆನ್ನುಹುರಿಯು ಸಾಮಾನ್ಯವಾಗಿ ಸೊಂಟದ 1 ಮತ್ತು 2ನೆಯ ಕಶೇರುಗಳ (ಬೆನ್ನೆಲುಬಿನ ಬಿಡಿ ಮೂಳೆಗಳ) ಮಟ್ಟದಲ್ಲಿ ಕೊನೆಗೊಂಡು, ಅಲ್ಲಿಂದ ಕೆಳಗೆ ನರಬೇರುಗಳ ಗೊಂಚಲು ಮಾತ್ರ ಇಳಿಯುವುದನ್ನು ತೋರಿಸಿರುವುದರಿಂದ, ಬೆನ್ನಿನ ದ್ರವ ತೆಗೆಯುವ ಸೂಜಿಯನ್ನು ಸೊಂಟದ 3 ಮತ್ತು 4ನೆಯ ಕಶೇರುಗಳ ನಡುವೆ ಅಥವಾ ಅದಕ್ಕೂ ಒಂದು ಹಂತ ಕೆಳಗೆ ಚುಚ್ಚುವುದೇಕೆಂದು ವಿವರಿಸಲು ಬೇರೆ ಚಿತ್ರ ಬೇಕಾಗುವುದಿಲ್ಲ.

ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳುಕಾಂಡದ ಭಾಗಕ್ಕೆ ಇಷ್ಟು ಶ್ರದ್ಧೆ ಸಂದಿಲ್ಲ. ಅದರ ಮೇಲಿನ, ನಡುವಿನ ಮತ್ತು ಕೆಳಗಿನ ಭಾಗಗಳಾದ ನಡುಮಿದುಳು, ಪಾನ್ಸ್ ಮತ್ತು ಮೆಡುಲ್ಲಾಗಳ ಹೊರರೂಪ ಸರಿಯಾಗಿದ್ದರೂ, ಹಿಂಬದಿಯಿಂದ ಹೊರಡುವ ಏಕೈಕ ಕಪಾಲನರವಾದ (ಮಿದುಳಿನಿಂದ ನೇರವಾಗಿ ಹೊರಡುವ ನರ) 4ನೆಯ ನರವನ್ನು ಮುಂಬದಿಯಲ್ಲಿ ಅಂಟಿಸಿರುವುದು ಕ್ಷಮಿಸಲಾಗದ ತಪ್ಪು. ಪರೀಕ್ಷೆಯಲ್ಲಿ ಕೇಳುವುದೇ ಇದನ್ನು! ಚಲನೆಯ ಪ್ರಧಾನ ನರಮಾರ್ಗದ ಬಹುಪಾಲು ತಂತುಗಳು ಮೆಡುಲ್ಲಾದ ಕೆಳತುದಿಯಲ್ಲಿ ಎಡಬಲ ದಾಟುವ ಜಾಗವನ್ನು ಬಿಡಿಸಿ ನೋಡಲು ಅವಕಾಶವಿಲ್ಲ. ಬಣ್ಣಗಳು ಪರವಾಗಿಲ್ಲ. ಬೆನ್ನುಹುರಿಯ ಪಾಠಕ್ಕೆ ಇದನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು, ಆದರೆ ಕಪಾಲನರಗಳನ್ನು ಕಲಿಸುವವರು ಬೇರೊಂದು ಮಾದರಿಯನ್ನು ಹುಡುಕಿಕೊಳ್ಳುವುದು ಲೇಸು.